ಮಾವನವರ ಬುಲೆಟ್ಟಿಗೆ ಬಾಬ್ ಕಟ್

ಬೆಳಗಿನ ಹೊತ್ತು. ಹಿಟ್ಟು ಹುದುಗಿ ಪಾತ್ರೆಯ ಬಾಯಿಗೆ ಬಂದಿದೆ, ಒಲೆಯ ಮೇಲೆ ನೀರು ಕುದೀತಿದೆ, ಇಡ್ಲಿ ತಟ್ಟೆ ಮಾತ್ರ ಕಾಣಿಸ್ತಿಲ್ಲ. ಹುಡುಕುತ್ತಾ ಹಿತ್ತಿಲಿಗೆ ಹೋದರೆ ಮಗರಾಯ ತಟ್ಟೆಯ ಒಂದೊಂದು ಗುಳಿಯಲ್ಲೂ ಒಂದೊಂದು ಬಗೆಯ ನಟ್ಟು, ಬೋಲ್ಟು, ವಾಷರು ತುಂಬಿಟ್ಟುಕೊಂಡು ಕೂತಿದ್ದಾನೆ. "ಅಮ್ಮಾ, ಇದಕ್ಕಿಂತ ಒಳ್ಳೇ ಜಾಗ ಸಿಗಲಿಲ್ಲ ಕಣಮ್ಮಾ" ಅಂತ ಎಣ್ಣೆ ಮುಖದಲ್ಲೇ ಹಲ್ಲು ಕಿರೀತಾನೆ.

ಸೋದರಿಯರೇ, ಇಂಥ ಬೆಳಗು ನಿಮ್ಮ ಮನೆಗೂ ಬರಬಹುದು. ಓದು ಮುಗಿಸಿ ಕೆಲಸಕ್ಕೆ ಕಾಯುತ್ತಿರುವ ಮಗ, ಅವನ ಕೈಯಲ್ಲೊಂದು ಮೊಬೈಲು, ಮನೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತ ಒಂದು ಹಳೇ ಗಾಡಿ, ಈ ಮೂರು ಸೇರಿದರೆ ಸಾಕು. "ಬಾಬರ್ ಮಾಡ್ತೀನಿ" ಅಂತ ಶುರುವಾಗತ್ತೆ. ನಮ್ಮಲ್ಲಿ ಶುರುವಾದಾಗ ಅತ್ತೆಯವರು ಜಪಮಾಲೆ ಕೆಳಗಿಟ್ಟು, "ಅದ್ಯಾವ ಬಾಬರೋ? ಶಾಲೇಲಿ ಓದಿದ ಬಾಬರನೇನೋ?" ಅಂತ ಕೇಳಿದರು.

ಆ ಬಾಬರನಲ್ಲ. ನಮಗೆಲ್ಲ ಗೊತ್ತಿರುವ ಬಾಬ್ ಕಟ್ ಇದೆಯಲ್ಲ, ಕೂದಲನ್ನು ಕುತ್ತಿಗೆಯ ಮಟ್ಟಕ್ಕೆ ಕತ್ತರಿಸುವುದು, ಅದೇ ಮಾತು ಇದು. ಇಂಗ್ಲಿಷಿನಲ್ಲಿ ಬಾಬ್ ಎಂದರೆ ಮೊಟಕು ಮಾಡುವುದು. ಕುದುರೆಯ ಬಾಲ ಮೊಟಕಾದರೂ ಅದೇ ಹೆಸರು. ಅಮೆರಿಕದಲ್ಲಿ 1930, 40ರ ದಶಕಗಳಲ್ಲಿ ಅಲ್ಲಿನ ಹುಡುಗರು ತಮ್ಮ ಭಾರೀ ಮೋಟಾರ್ ಸೈಕಲ್ಲುಗಳ ಮುಂದಿನ ಮಡ್‌ಗಾರ್ಡ್ ಕಿತ್ತು, ಹಿಂದಿನದರ ಬಾಲ ಮೊಟಕು ಮಾಡಿ, ಬೇಡದ್ದನ್ನೆಲ್ಲ ತೆಗೆದು ಹಾಕಿ ಓಡಿಸತೊಡಗಿದರು. 1945ರಲ್ಲಿ ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿದ ಮೇಲೆ ಈ ಹುಚ್ಚು ಇನ್ನೂ ಹರಡಿತು. ತೂಕ ಇಳಿದರೆ ಅದೇ ಎಂಜಿನ್ನು ಗಾಡಿಯನ್ನು ಜೋರಾಗಿ ಎಳೆಯುತ್ತದೆ, ಹೊಸ ಸಾಮಾನಿಗೆ ಕಾಸು ಬೇಡ. ಅಂಗಡಿಯಿಂದ ತಂದು ಸೇರಿಸುವುದಕ್ಕಿಂತ ಇರುವುದರಲ್ಲಿ ಕಳೆಯುವ ಕೆಲಸ ಹೆಚ್ಚು. ಮಗ ಇದನ್ನು ವಿವರಿಸಿದಾಗಲೇ ನನ್ನ ಮನಸ್ಸು ಸ್ವಲ್ಪ ಮೆತ್ತಗಾಯಿತು ಅನ್ನಿ.

ಇನ್ನೊಂದು ಕಾರಣವೂ ಇತ್ತು. ಕಂಪನಿಗಳೇ ಈಗ ಬಾಬರ್ ಮಾಡಿ ಮಾರುತ್ತವೆ. 2019ರಲ್ಲಿ ಜಾವಾ ಪೆರಾಕ್ ಮಾರಾಟಕ್ಕೆ ಬಂದಾಗ ಹತ್ತಿರ ಹತ್ತಿರ 2 ಲಕ್ಷ. 2024ರಲ್ಲಿ ರಾಯಲ್ ಎನ್‌ಫೀಲ್ಡಿನ ಗೋವನ್ ಕ್ಲಾಸಿಕ್ ಬಂದಾಗ 2 ಲಕ್ಷದ 35 ಸಾವಿರ, ರಸ್ತೆಗಿಳಿಸುವ ಖರ್ಚು ಬೇರೆ. ಕಂತಿನ ಮೇಲೆ ಅದನ್ನು ತರುವುದಕ್ಕಿಂತ ಮಾವನವರ ಬುಲೆಟ್ಟಿಗೆ ಜೀವ ಬರೋದಾದರೆ ಬರಲಿ ಅಂತ ಒಪ್ಪಿದೆ. ಚೀಟಿ ಎತ್ತಿದ ದುಡ್ಡಿನಲ್ಲಿ 30 ಸಾವಿರ ತೆಗೆದಿಟ್ಟೆ. ಅದರ ಮೇಲೆ ಒಂದು ಕಾಸೂ ಇಲ್ಲ, ಲೆಕ್ಕ ನನ್ನ ಪುಸ್ತಕದಲ್ಲೇ ಇರಬೇಕು ಅಂದೆ. ಅತ್ತೆಯವರದು ಒಂದೇ ಷರತ್ತು. "ಆ ಸಾರಿ ಗಾರ್ಡ್ ಕಿತ್ರೆ ನನ್ನ ಮುಖ ನೋಡ್ಬೇಡ." ಮಗ ಆಗ ತಲೆಯಾಡಿಸಿಬಿಟ್ಟ. ಜಗಳ ಆದದ್ದು ಆಮೇಲೆ.

ನಿಮ್ಮ ಮನೆಯಲ್ಲಿರುವುದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಅಥವಾ ಯೆಜ್ಡಿಯಾಗಿದ್ದರೆ ಮಾತ್ರ ಕತ್ತರಿ ಆಡಿಸಲು ಬಿಡಬೇಡಿ. ಆ ಕಾರ್ಖಾನೆ 1996ರಲ್ಲೇ ಮುಚ್ಚಿತು. ಮೂಲ ರೂಪದಲ್ಲಿರುವ ಗಾಡಿಗೆ ಹುಡುಕಿಕೊಂಡು ಬಂದು ಬೆಲೆ ಕೊಡುವವರಿದ್ದಾರೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಬ್ಬಿಣದ ಬೀರು ತೆಗೆದು ಕಾಗದ ನೋಡಿ. ನಮ್ಮ ಬುಲೆಟ್ಟಿನ ಆರ್‌ಸಿ ಇನ್ನೂ ತೀರಿಹೋದ ಮಾವನವರ ಹೆಸರಿನಲ್ಲೇ ಇತ್ತು. ಎಷ್ಟೋ ಮನೆಗಳಲ್ಲಿ ಹೀಗೇ. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸಲು 31ನೇ ನಂಬರಿನ ಫಾರಂ ಇದೆ. ಮೂರು ತಿಂಗಳೊಳಗೆ ಅರ್ಜಿ ಹಾಕಬೇಕಿತ್ತು, ನಾವು ಹಾಕಿರಲಿಲ್ಲ. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅತ್ತೆಯವರ ಮತ್ತು ನಾದಿನಿಯ ಒಪ್ಪಿಗೆ ಪತ್ರ ಅಂತ ನಮ್ಮ ಮನೆಯವರು ಓಡಾಡಿದ್ದೇ ಓಡಾಡಿದ್ದು. ಇನ್ನೊಂದು, ಸ್ವಂತ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ 5 ವರ್ಷಕ್ಕೊಮ್ಮೆ ಗಾಡಿಯನ್ನು ಆರ್‌ಟಿಒ ತಪಾಸಣೆಗೆ ಒಯ್ದು ನವೀಕರಿಸಬೇಕು. ಈ ಖರ್ಚನ್ನು ನಾನು 30 ಸಾವಿರದಲ್ಲಿ ಸೇರಿಸಿಲ್ಲ. ಬಾಬರ್ ಮಾಡದಿದ್ದರೂ ಅದು ತಪ್ಪದ ಖರ್ಚು.

ಬಿಚ್ಚುವ ಕೆಲಸಕ್ಕೆ ಕಾಸು ಬೇಡ, ಶಿಸ್ತು ಬೇಕು. ಪ್ರತಿ ಭಾಗ ತೆಗೆಯುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೋ, ತೆಗೆದ ಬೋಲ್ಟು ಅದರದೇ ಗುಳಿಗೆ ಅಥವಾ ಚೀಟಿ ಅಂಟಿಸಿದ ಡಬ್ಬಿಗೆ. ಹೀಗೆ ಮಾಡದಿದ್ದರೆ ಜೋಡಿಸುವಾಗ ಅಳು ಬರತ್ತೆ. ಜಿಡ್ಡು ತೊಳೆಯಲು ಮಗ ಡೀಸೆಲ್ ತಂದ. ನೀವು ನೋಡಿಕೊಳ್ಳಬೇಕಾದದ್ದು ಇಷ್ಟೆ: ಈ ತೊಳೆಯಾಟ ಬಚ್ಚಲಿನಲ್ಲಿ ಬೇಡ, ನೀರೊಲೆಯ ಹತ್ತಿರವಂತೂ ಬೇಡವೇ ಬೇಡ. ಬಯಲಲ್ಲಿ ಆಗಲಿ. ತೊಳೆದ ಕೊಳೆಯನ್ನು ತೆಂಗಿನ ಬುಡಕ್ಕೆ ಸುರಿಯಲೂ ಬಿಡಬೇಡಿ, ಒಂದು ಕ್ಯಾನಿನಲ್ಲಿ ತುಂಬಿಸಿ ಗ್ಯಾರೇಜಿಗೆ ಕಳಿಸಿ.

ಪೆಟ್ರೋಲ್ ಟ್ಯಾಂಕಿನ ಒಳಗೆ ತುಕ್ಕು ಹಿಡಿದಿತ್ತು. ಇಲ್ಲಿ ಅಡಿಗೆಮನೆ ಕೈ ಹಿಡಿಯಿತು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಬಿಳಿ ಹರಳು ಕೊಡ್ತಾರಲ್ಲ, ಅದು. ಮೊದಲು ಹಳೇ ಪೆಟ್ರೋಲನ್ನು ಬಯಲಲ್ಲಿ ಪೂರ್ತಿ ಬಸಿದು, ಸೋಪಿನ ನೀರಲ್ಲಿ ಎರಡು ಮೂರು ಸಲ ಜಾಲಾಡಿಸಿ ವಾಸನೆ ಹೋಗಿಸಬೇಕು. ಆಮೇಲೆ ಒಂದು ಲೀಟರ್ ಬಿಸಿನೀರಿಗೆ 100 ಗ್ರಾಂನಂತೆ ನಿಂಬೆ ಉಪ್ಪು ಕರಗಿಸಿ, ತೂತುಗಳನ್ನು ಮುಚ್ಚಿ, ತುಂಬಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೆಲ್ಲಿದರೆ ಕಾಫಿ ಬಣ್ಣದ ನೀರು ಬರತ್ತೆ. ಹುಳಿ ಉಳಿಯದಂತೆ ಅಡಿಗೆ ಸೋಡಾ ಹಾಕಿದ ನೀರಿನಿಂದ ತೊಳೆದು, ತಕ್ಷಣ ಬಿಸಿಲಿಗಿಟ್ಟು ಒಣಗಿಸಿ, ಒಳಗೆ ಸ್ವಲ್ಪ ಎಂಜಿನ್ ಆಯಿಲ್ ಹೊಯ್ದು ಎಲ್ಲ ಕಡೆ ತಾಗುವಂತೆ ಅಲುಗಿಸಬೇಕು. ತಡ ಮಾಡಿದರೆ ಸಂಜೆಯೊಳಗೆ ಮತ್ತೆ ತುಕ್ಕು. ಒಂದು ಮಾತು ಮರೆಯಬೇಡಿ: ಪೆಟ್ರೋಲ್ ಕಂಡ ಟ್ಯಾಂಕನ್ನು, ಎಷ್ಟು ತೊಳೆದಿದ್ದರೂ, ಮನೆಯಲ್ಲಿ ವೆಲ್ಡಿಂಗ್ ಮಾಡಲು ಬಿಡಕೂಡದು. ಒಳಗೆ ಉಳಿದ ಆವಿಗೆ ಕಿಡಿ ತಾಗಿದರೆ ಸಿಡಿಯುತ್ತದೆ.

ಇನ್ನು ದುಡ್ಡಿನ ವಿಷಯಕ್ಕೆ ಬರೋಣ. ಮಗ ಮೊದಲು ಬರೆದುಕೊಟ್ಟ ಪಟ್ಟಿಯಲ್ಲಿ ಏನೇನಿತ್ತು ಗೊತ್ತೆ? ಅಗಲವಾದ ಹ್ಯಾಂಡಲ್, ಸ್ಪ್ರಿಂಗ್ ಸೀಟು, ದಪ್ಪನೆಯ ಹಿಂದಿನ ಟೈರು, ಸುತ್ತಲೂ ಬಟ್ಟೆ ಸುತ್ತಿದ ಸೈಲೆನ್ಸರ್, ಹಳದಿ ಗಾಜಿನ ದೀಪ. ಬ್ರೇಕ್ ಎಂಬ ಶಬ್ದವೇ ಇಲ್ಲ! ಪಟ್ಟಿಯನ್ನು ಬಸ್ ಸ್ಟ್ಯಾಂಡಿನ ಹಿಂದಿನ ಗ್ಯಾರೇಜಿನ ಮೇಸ್ತ್ರಿಗೆ ತೋರಿಸಿ ಬಾ ಅಂದೆ. ಅವರು ಮಾವನವರ ಕಾಲದಿಂದ ಬುಲೆಟ್ ಬಿಚ್ಚಿದವರು. ಪಟ್ಟಿಯನ್ನು ತಲೆಕೆಳಗು ಮಾಡಿ ಕಳಿಸಿದರು.

ನನ್ನ ಪುಸ್ತಕದಲ್ಲಿರುವ ಲೆಕ್ಕ ಹೇಳ್ತೀನಿ. ಕಾರ್ಬ್ಯುರೇಟರ್ ಶುದ್ಧಿ, ಪಾಯಿಂಟ್, ಕ್ಲಚ್ ಪ್ಲೇಟು, ಆಯಿಲು, ಸೀಲುಗಳು, ಮೇಸ್ತ್ರಿಯ ಕೂಲಿ ಎಲ್ಲ ಸೇರಿ ಎಂಜಿನ್ನಿಗೆ 9,400 ರೂ. ಎರಡು ಟೈರು, ಎರಡು ಟ್ಯೂಬಿಗೆ 5,600. ಬ್ರೇಕ್ ಶೂ, ಕೇಬಲ್ಲುಗಳು, ಚಕ್ರದ ಬೇರಿಂಗು, ಕಡ್ಡಿ ಬಿಗಿಸಿ ಚಕ್ರದ ಓಲಾಟ ತೆಗೆದದ್ದಕ್ಕೆ 2,900. ಬ್ಯಾಟರಿ, ವೈರಿಂಗು, ಬಲ್ಬುಗಳು 3,800. ಇಷ್ಟಕ್ಕೇ 21,700 ಹೋಯಿತು, ಗಾಡಿ ಮಾತ್ರ ನೋಡಲು ಹಳೇ ಗಾಡಿಯೇ. ಮಗನ ಮುಖ ಸಣ್ಣದಾಯಿತು. ಆದರೆ ಹತ್ತು ವರ್ಷ ನಿಂತ ಗಾಡಿಯ ಟೈರಿನಲ್ಲಿ ಹೂವು ಚೆನ್ನಾಗಿಯೇ ಇದ್ದರೂ ರಬ್ಬರು ಒಣಗಿ ಸಣ್ಣ ಬಿರುಕು ಬಿಟ್ಟಿರುತ್ತದೆ. ಅದನ್ನು ಹಾಕಿಕೊಂಡು ಮಗ ಹೈವೇಗೆ ಹೋದರೆ ನನಗೆ ರಾತ್ರಿ ನಿದ್ದೆ ಬಂದೀತೆ? ಉಳಿದದ್ದರಲ್ಲಿ ಸೀಟಿಗೆ 1,700, ಗುಜರಿಯ ಮಡ್‌ಗಾರ್ಡ್ ಮತ್ತು ಅದರ ಕೆಲಸಕ್ಕೆ 1,100, ಹ್ಯಾಂಡಲ್ಲಿಗೆ 900, ಬಣ್ಣಕ್ಕೆ 2,400. ಡೀಸೆಲ್, ಉಪ್ಪುಕಾಗದ, ನಟ್ಟು ಬೋಲ್ಟು, ಬಂದುಹೋದ ಗೆಳೆಯರ ಕಾಫಿ ಬೋಂಡ ಸೇರಿ 1,800. ಒಟ್ಟು 29,600. ನಿಮ್ಮೂರಿನಲ್ಲಿ ಹೆಚ್ಚುಕಡಿಮೆ ಆದೀತು. ಆದರೆ ಕಣ್ಣಿಗೆ ಕಾಣುವುದಕ್ಕೆ ಖರ್ಚಾದದ್ದು 6,100 ಮಾತ್ರ ಅನ್ನೋದನ್ನು ಗಮನಿಸಿ.

ಹ್ಯಾಂಡಲ್ ಬದಲಾಯಿಸಿದರೆ ಒಂದು ಪರೀಕ್ಷೆ ನೀವೇ ಮಾಡಬಹುದು. ಎಂಜಿನ್ ಶುರು ಮಾಡಿಸಿ, ಗಾಡಿ ನಿಂತಲ್ಲೇ ಹ್ಯಾಂಡಲ್ಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಅನ್ನಿ. ತಿರುಗಿಸುವಾಗ ಎಂಜಿನ್ನಿನ ಸದ್ದು ತಾನಾಗೇ ಏರಿದರೆ ಆಕ್ಸಿಲರೇಟರ್ ಕೇಬಲ್ ಗಿಡ್ಡವಾಗಿದೆ, ಎಳೆಯುತ್ತಿದೆ ಎಂದು ಅರ್ಥ. ಸಂತೆಯ ಬೀದಿಯಲ್ಲಿ ತಿರುವಿನಲ್ಲಿ ಗಾಡಿ ಮುನ್ನುಗ್ಗಿದರೆ ಏನಾದೀತು ಯೋಚಿಸಿ.

ಮಡ್‌ಗಾರ್ಡಿನ ಕಥೆ ಕೇಳಿ. ಮಾವನವರ ಮಡ್‌ಗಾರ್ಡಿಗೆ ಗರಗಸ ತಾಗಿಸಕೂಡದು ಎಂದು ನಾನೂ ಅತ್ತೆಯವರೂ ಒಟ್ಟಿಗೆ ಹೇಳಿದೆವು (ಇಂಥದ್ದು ನಮ್ಮ ಮನೆಯಲ್ಲಿ ಅಪರೂಪ). ಅದು ಬೋಲ್ಟಿನ ಮೇಲೆ ನಿಂತಿರುವಂಥದ್ದು, ಬಿಚ್ಚಿ ಅಟ್ಟದ ಮೇಲಿಟ್ಟೆವು. ಗುಜರಿಯಿಂದ ದಪ್ಪ ತಗಡಿನ ಇನ್ನೊಂದನ್ನು 600 ರೂಪಾಯಿಗೆ ತಂದು ಅದರ ಬಾಲ ಎಂಟು ಇಂಚು ಮೊಟಕು ಮಾಡಿದ. ಚಾಸಿಗೆ ಕೈ ಹಚ್ಚಲಿಲ್ಲ. ಇದು ಮುಖ್ಯ. ಹಳೇ ಅಮೆರಿಕನ್ ಬಾಬರುಗಳಿಗೆ ಹಿಂದೆ ಶಾಕ್ ಅಬ್ಸಾರ್ಬರೇ ಇರುತ್ತಿರಲಿಲ್ಲವಂತೆ, ಹುಡುಗರು ವಿಡಿಯೋ ನೋಡಿ ಅದೇ ರೂಪ ಬೇಕೆಂದು ಚಾಸಿ ಕತ್ತರಿಸಿ ಪೈಪು ವೆಲ್ಡ್ ಮಾಡಿಸುತ್ತಾರೆ. ಬೀದಿ ಬದಿಯ ವೆಲ್ಡಿಂಗು ಕಿಟಕಿಯ ಸರಳಿಗೆ ಸರಿ. ಮೇಲೆ ಮಕ್ಕಳು ಕೂತು ಹೋಗುವ ಚಾಸಿ ಬಿಟ್ಟುಕೊಂಡರೆ ಗತಿ ಏನು?

ಚಾಸಿ ಮುಟ್ಟದಿದ್ದರೂ ತಪ್ಪು ಆಯಿತು. ಬಾಬರಿನ ಚೆಂದ ಇರುವುದೇ ಮಡ್‌ಗಾರ್ಡು ಟೈರಿಗೆ ಅಂಟಿಕೊಂಡಂತೆ ಕಾಣುವುದರಲ್ಲಿ. ಮಗ ಎರಡು ಬೆರಳು ಮಾತ್ರ ಜಾಗ ಬಿಟ್ಟು ಕೂರಿಸಿದ. ಸ್ಟ್ಯಾಂಡಿನ ಮೇಲೆ ನಿಂತಾಗ ಬಹಳ ಚೆನ್ನಾಗಿತ್ತು. ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಬೀದಿಯ ಹಂಪು ಹಾರಿಸಿ ಬಂದ, ಸುಟ್ಟ ರಬ್ಬರಿನ ವಾಸನೆ ಅಂಗಳದವರೆಗೂ ಬಂತು. ಭಾರ ಬಿದ್ದಾಗ ಶಾಕ್ ಅಬ್ಸಾರ್ಬರ್ ಕುಗ್ಗಿ ಚಕ್ರ ಮೇಲಕ್ಕೆ ಬರುತ್ತದೆ, ಮಡ್‌ಗಾರ್ಡು ಚಾಸಿಗೆ ಕಚ್ಚಿಕೊಂಡು ಅಲ್ಲೇ ಇರುತ್ತದೆ, ಟೈರು ಹೋಗಿ ಅದಕ್ಕೆ ಉಜ್ಜಿತ್ತು. ವೇಗವಾಗಿ ಹೋಗುವಾಗ ಹಾಗಾದರೆ ಚಕ್ರ ಹಿಡಿದುಕೊಳ್ಳಬಹುದು. ಮೇಸ್ತ್ರಿ ಬಂದು ಎರಡೂ ಶಾಕ್ ಅಬ್ಸಾರ್ಬರ್ ಕಳಚಿ, ಚಕ್ರವನ್ನು ಅದು ಏರಬಹುದಾದಷ್ಟು ಮೇಲಕ್ಕೆ ಜಾಕಿಯಿಂದ ಎತ್ತಿ ತೋರಿಸಿದರು. ಮೂರು ಇಂಚಿನಷ್ಟು ಏರಿತು. ಅಷ್ಟು ಜಾಗ, ಮೇಲೆ ಒಂದು ಬೆರಳು ಬಿಟ್ಟು ಮತ್ತೆ ಕೂರಿಸಿದ. ಈ ಪರೀಕ್ಷೆ ಮೊದಲೇ ಮಾಡಿದ್ದರೆ ಹೊಸ ಟೈರಿನ ಮೇಲೆ ಗೀರು ಬೀಳುತ್ತಿರಲಿಲ್ಲ.

ಸೀಟು ಮಾತ್ರ ನನ್ನ ಕೈಕೆಲಸ. ಕುಶನ್ ಅಂಗಡಿಯಲ್ಲಿ ಹೊಲಿಗೆಗೇ ಬಹಳ ಕೇಳಿದರು. ನಾನು ಬ್ಲೌಸ್ ಹೊಲಿಯುವವಳು, ಇದೇನು ಮಹಾ ಅಂತ ಕೈ ಹಾಕಿದೆ. ತಗಡಿನ ತಳ ಮಾಡಿಸಿ, ಅದರ ಮೇಲೆ ಗಟ್ಟಿ ಫೋಮಿನ ಎರಡು ಪದರ ಅಂಟಿಸಿ, ಹರಿತವಾದ ಚಾಕುವಿನಿಂದ ಅಂಚನ್ನು ಇಳಿಜಾರು ಮಾಡಿದೆ. ಮೇಲೆ ಹಳೇ ನ್ಯೂಸ್ ಪೇಪರ್ ಒತ್ತಿ ಅಳತೆ ತೆಗೆದೆ, ತೋಳಿಗೆ ಕಟಿಂಗ್ ತೆಗೆದ ಹಾಗೇ: ಮೇಲ್ಭಾಗ ಒಂದು, ಸುತ್ತಿನ ಪಟ್ಟಿ ಒಂದು, ಅರ್ಧ ಇಂಚು ಹೊಲಿಗೆಗೆ, ಕೆಳಗೆ ಮಡಚಲು ಎರಡು ಇಂಚು. ತೆಳು ರೆಕ್ಸಿನ್ನಾದರೆ ಮನೆಯ ಮಿಷನ್ನಿನಲ್ಲೇ ಆಗತ್ತೆ. 18ನೇ ನಂಬರಿನ ಸೂಜಿ, ದಪ್ಪ ನೈಲಾನ್ ದಾರ. ಹೊಲಿಗೆ ಉದ್ದುದ್ದ ಬರುವ ಹಾಗೆ ತಿರುಪು ತಿರುಗಿಸಿ; ಒತ್ತೊತ್ತಾಗಿ ಹೊಲಿದರೆ ಪೋಸ್ಟ್ ಸ್ಟ್ಯಾಂಪಿನ ಅಂಚಿನ ಹಾಗೆ ತೂತುಬಿದ್ದು ಅಲ್ಲೇ ಹರಿದು ಬರತ್ತೆ. ರೆಕ್ಸಿನ್ನು ಮಿಷನ್ನಿನ ಪಾದಕ್ಕೆ ಅಂಟಿ ಜಾರೋದಿಲ್ಲ, ಅದಕ್ಕೆ ಸ್ವಲ್ಪ ಟಾಲ್ಕಂ ಪೌಡರ್ ಸವರಿದರೆ ಸಾಕು. ಗುಂಡುಸೂಜಿ ಚುಚ್ಚಬೇಡಿ, ಆ ತೂತಿನಿಂದಲೇ ಮಳೆನೀರು ಇಳಿಯುತ್ತದೆ. ಬಟ್ಟೆ ಕ್ಲಿಪ್ಪು ಹಾಕಿ. ಅತ್ತೆಯವರು ಪಕ್ಕದಲ್ಲಿ ಕೂತು, "ಹಿಂದಿನ ಸೀಟಿಗೂ ಇದೇ ಬಟ್ಟೆ ಉಳಿಸ್ಕೊಳ್ಳಮ್ಮ" ಅಂದರು.

ಅಲ್ಲಿಗೆ ಜಗಳ ಶುರು. ಬಾಬರ್ ಅಂದರೆ ಒಂದೇ ಸೀಟು, ಹಿಂದೆ ಬಯಲು. ಪಕ್ಕದಲ್ಲಿ ಸಾರಿ ಗಾರ್ಡ್ ಇದ್ದರೆ ಎಲ್ಲರೂ ನಗ್ತಾರೆ ಅಂತ ಮಗ. "ನಗಲಿ ಬಿಡೋ, ನಿಮ್ಮ ಚಿಕ್ಕಜ್ಜಿಯ ಕಥೆ ಗೊತ್ತಿಲ್ವೇ ನಿಂಗೆ?" ಅಂತ ಅತ್ತೆಯವರು. ಅವರ ತಂಗಿ ಮದುವೆಯಾದ ಹೊಸದರಲ್ಲಿ ಜಾಲರಿಯಿಲ್ಲದ ಗಾಡಿಯಲ್ಲಿ ಕೂತು ಜಾತ್ರೆಗೆ ಹೊರಟಿದ್ದರು. ಸೆರಗು ಚಕ್ರಕ್ಕೆ ಸುತ್ತಿಕೊಂಡು ಎಳೆದು ಹಾಕಿತು. ಜೀವ ಉಳಿಯಿತು, ಸೊಂಟ ಮತ್ತೆ ಸರಿಹೋಗಲಿಲ್ಲ. ಬುಲೆಟ್ಟಿನಲ್ಲಿ ಚೈನು ಎಡಗಡೆ, ಸೀರೆಯುಟ್ಟ ನಾವು ಒಂದೇ ಕಡೆ ಕಾಲಿಟ್ಟು ಕೂರುವುದೂ ಎಡಗಡೆಗೇ. ಈಗಿನ ಹುಡುಗಿಯರ ದುಪಟ್ಟಾಕ್ಕೂ ಇದೇ ಅಪಾಯ.

ಮಗ ಅಜ್ಜಿಯ ಮಾತಿಗೆ ಸುಮ್ಮನಾದನೇ ಹೊರತು ಒಪ್ಪಲಿಲ್ಲ. ಒಪ್ಪಿಸಿದ್ದು ಕಾನೂನು. ನೋಂದಣಿಯ ಕೆಲಸಕ್ಕೆ ಆರ್‌ಟಿಒ ಕಚೇರಿಗೆ ಹೋದಾಗ ಅಲ್ಲಿನ ಇನ್‌ಸ್ಪೆಕ್ಟರನ್ನೇ ಕೇಳಿ ಬಾ ಅಂದಿದ್ದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು ನಮಗಾಗಿಯೇ ಬರೆದ ಹಾಗಿದೆ. ಹಿಂದೆ ಕೂರುವವರಿಗೆ ಹಿಡಿದುಕೊಳ್ಳಲು ಹಿಡಿ ಇರಬೇಕು, ಕಾಲಿಡಲು ಆಸರೆ ಇರಬೇಕು, ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಭಾಗವನ್ನು ಮುಚ್ಚುವ ರಕ್ಷಣೆ ಇರಬೇಕು. ಅತ್ತೆಯವರಿಗೆ ಇದನ್ನು ಓದಿ ಹೇಳಿದಾಗ ಮುಖ ನೋಡಬೇಕಿತ್ತು!

ಇನ್ನೂ ದೊಡ್ಡದು ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಕಂಪನಿ ಮಾಡಿಕೊಟ್ಟ ವಿವರಕ್ಕೂ ಆರ್‌ಸಿಯ ವಿವರಕ್ಕೂ ತಾಳೆಯಾಗದ ಹಾಗೆ ಗಾಡಿಯನ್ನು ಬದಲಾಯಿಸಕೂಡದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಒತ್ತಿ ಹೇಳಿತು. ಅದೇ ವರ್ಷದ ತಿದ್ದುಪಡಿಯಂತೆ ಒಪ್ಪಿಗೆಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ನಮ್ಮ ಆರ್‌ಸಿಯಲ್ಲಿ ಆಸನ ಎರಡು ಎಂದಿದೆ, ಬಣ್ಣ ಕಪ್ಪು ಎಂದಿದೆ. ಆದ್ದರಿಂದ ಸೀಟು ಎರಡೇ, ಬಣ್ಣ ಕಪ್ಪೇ. ಬೇರೆ ಬಣ್ಣ ಬೇಕಿದ್ದರೆ ಆರ್‌ಸಿಯಲ್ಲಿ ಬರೆಸಬೇಕು. ಸೈಲೆನ್ಸರ್ ಮೂಲದ್ದೇ ಉಳಿಯಿತು. ಬೆಳಗಿನ ಜಾವ ಮಗ ಗಾಡಿ ತೆಗೆದರೆ ಬೀದಿಯ ಮಕ್ಕಳು ಬೆಚ್ಚಿ ಏಳುವುದು ನನಗೂ ಬೇಡ. ಕನ್ನಡಿ, ಇಂಡಿಕೇಟರ್, ನಂಬರ್ ಪ್ಲೇಟು ಅದರದರ ಜಾಗದಲ್ಲೇ. ಮುಂದಿನ ಮಡ್‌ಗಾರ್ಡೂ ಉಳಿಯಿತು. ಮಡ್‌ಗಾರ್ಡಿನ ಬಾಲ ಕತ್ತರಿಸುವುದನ್ನೂ ಕೇಳಿಯೇ ಮಾಡಿದ್ದು, ನೀವೂ ನಿಮ್ಮೂರಿನ ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಬದಲಾವಣೆ ಮುಚ್ಚಿಟ್ಟರೆ ನಾಳೆ ಏನಾದರೂ ಆದಾಗ ವಿಮೆಯವರೂ ತಕರಾರು ತೆಗೆಯಬಹುದು.

"ಹಾಗಾದ್ರೆ ಬಾಬರ್ ಎಲ್ಲಿ ಉಳೀತಮ್ಮಾ?" ಅಂತ ಮಗ ತಲೆ ಮೇಲೆ ಕೈ ಹೊತ್ತು ಕೂತ. ಮೇಸ್ತ್ರಿಯೇ ದಾರಿ ತೋರಿಸಿದರು. ಹಿಂದಿನ ಕಾಲದ ಬುಲೆಟ್ಟುಗಳಿಗೆ ಮುಂದಿನ ಸ್ಪ್ರಿಂಗ್ ಸೀಟು ಬೇರೆ, ಹಿಂದಿನ ಪುಟ್ಟ ಸೀಟು ಬೇರೆ ಇರುತ್ತಿತ್ತಲ್ಲ, ಹಾಗೇ ಮಾಡಿ ಅಂದರು. ಮುಂದೆ ತಗ್ಗಾದ ಒಂಟಿ ಸೀಟು, ಅದರಿಂದ ನಾಲ್ಕು ಬೆರಳು ಬಿಟ್ಟು ಮೊಟಕು ಮಡ್‌ಗಾರ್ಡಿನ ಮೇಲೆ ಹಿಂದಿನದು. ಆ ಸೀಟಿನ ಭಾರವೆಲ್ಲ ಮಡ್‌ಗಾರ್ಡಿನ ಮೇಲೆ ಬೀಳುವುದರಿಂದ ಅದಕ್ಕೆ ಎರಡೂ ಕಡೆ ಗಟ್ಟಿ ಕಬ್ಬಿಣದ ಆಧಾರ ಕೊಟ್ಟು, ಚಾಸಿಯಲ್ಲಿ ಮೊದಲೇ ಇದ್ದ ತೂತುಗಳಿಗೇ ಬೋಲ್ಟ್ ಬಿಗಿದರು. ಸಾರಿ ಗಾರ್ಡಿಗೆ ಮಗ ಗಾಡಿಯ ಜೊತೆಗೇ ಕಪ್ಪು ಬಣ್ಣ ಹೊಡೆಸಿದ. ದೂರದಿಂದ ಅದು ಅಲಂಕಾರದ ಹಾಗೇ ಕಾಣತ್ತೆ. ಟ್ಯಾಂಕು, ಮಡ್‌ಗಾರ್ಡುಗಳನ್ನು ನಾವೇ 220, 400, 800ನೇ ನಂಬರಿನ ಉಪ್ಪುಕಾಗದದಲ್ಲಿ ನೀರು ಹಾಕಿ ತಿಕ್ಕಿ ಕಳಿಸಿದ್ದರಿಂದ ಪೇಂಟರು ಬಣ್ಣದ ಕೂಲಿಯನ್ನಷ್ಟೇ ತೆಗೆದುಕೊಂಡರು.

ನಾಲ್ಕು ತಿಂಗಳು ಹಿಡಿಯಿತು. ಮೊದಲ ದಿನ ಹಿಂದೆ ಕೂತವರು ಅತ್ತೆಯವರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೆಲ್ಮೆಟ್ಟಿನ ಒಳಗೆ ಮಲ್ಲಿಗೆ ಹೂವು ಹಿಸುಕಿಹೋಗತ್ತೆ ಅಂತ ಗೊಣಗಿ, ಎಡಗೈಯಲ್ಲಿ ಜಾಲರಿಯನ್ನು ಒಮ್ಮೆ ಅಲುಗಿಸಿ ನೋಡಿ ಆಮೇಲೆ ಹತ್ತಿದರು. ಈಶ್ವರನ ಗುಡಿಯವರೆಗೆ ಹೋಗಿ ಬಂದರು. "ನಿಮ್ಮ ತಾತ ಇದಕ್ಕಿಂತ ನಿಧಾನವಾಗಿ ಓಡಿಸ್ತಿದ್ರು ಕಣೋ" ಅಂದರು.

ಇಡ್ಲಿ ತಟ್ಟೆ ಮಾತ್ರ ಅಡಿಗೆಮನೆಗೆ ವಾಪಸು ಬರಲಿಲ್ಲ. ಎಷ್ಟು ಬೆಳಗಿದರೂ ಗ್ರೀಸಿನ ವಾಸನೆ ಹೋಗದೆ ಹೊಸದು ತಂದೆ, 450 ರೂಪಾಯಿ. ಅದನ್ನೂ ಸೇರಿಸಿದರೆ ಲೆಕ್ಕ 30,050 ಆಗಿ ಮಿತಿ ದಾಟತ್ತೆ. ಅದು ಬೈಕಿನ ಖರ್ಚಲ್ಲ ಅಂತ ಮಗ ಇವತ್ತಿಗೂ ವಾದಿಸ್ತಾನೆ. ನಾನು ಪುಸ್ತಕದಲ್ಲಿ ಬರೆದಿಟ್ಟಿದ್ದೀನಿ.